ಹಂಸಳ ಮೊದಲ ವೈನು

ಜ್ವರ ಬಿಟ್ಟು ಇಪ್ಪತ್ತು ದಿನವಾಗಿತ್ತು. ಮುನೀಂದ್ರನ ಮೂಗಿಗೆ ಮಾತ್ರ ಇನ್ನೂ ಯಾವ ವಾಸನೆಯೂ ಬಡಿಯುತ್ತಿರಲಿಲ್ಲ. ಅವತ್ತು ಬೆಳಿಗ್ಗೆ ಒಲೆಯ ಮೇಲೆ ಹಾಲು ಸೀದು ತಳ ಹಿಡಿದದ್ದೂ ಹೆಂಡತಿ ಕೂಗಿಕೊಂಡ ಮೇಲೇ ಅವನಿಗೆ ತಿಳಿದದ್ದು. ಆದರೂ ಮಧ್ಯಾಹ್ನ ಇಂದಿರಾನಗರದ ವೈನ್ ಉತ್ಸವಕ್ಕೆ ಹೊರಟ. ಹನ್ನೊಂದು ವರ್ಷದಿಂದ ಒಂದು ಸಲವೂ ತಪ್ಪಿಸಿದವನಲ್ಲ. ಕಗ್ಗದಾಸಪುರದ ಮನೆಯಲ್ಲಿ ಒಂದು ಕೋಣೆಯನ್ನು ಹಗಲಿರುಳೂ ತಣ್ಣಗಿಟ್ಟು ನಾನೂರು ಬಾಟಲಿ ಕೂಡಿಹಾಕಿದ್ದ. ಅವನು ಹೂಂ ಅಂದ ವೈನನ್ನು ಉಳಿದವರು ಕಣ್ಣುಮುಚ್ಚಿ ಕೊಳ್ಳುತ್ತಿದ್ದರು. ಹೋಗದಿದ್ದರೆ ಯಾಕೆಂದು ಕೇಳುತ್ತಾರೆ, ಹೋದರೆ ಗುಟ್ಟು ರಟ್ಟಾಗುತ್ತದೆ.

ಒಳಗೆ ಹೋಗಿ ಮೊದಲ ಗ್ಲಾಸನ್ನು ಮೂಗಿಗೆ ಹಿಡಿದ. ನೀರಿನ ಲೋಟ ಹಿಡಿದಂತಿತ್ತು. ಮಳಿಗೆ ಮಳಿಗೆಯಲ್ಲೂ ಬಾಟಲಿಯ ಮೇಲಿನ ಚೀಟಿ ಓದಿ, ಹಳೆಯ ನೆನಪಿನಿಂದ ನಾಲ್ಕು ಮಾತು ಹೆಣೆದು ದಾಟಿಕೊಂಡ.

ಆರನೆಯದು ಹಂಸಳ ಮಳಿಗೆ. ಕೆ.ಆರ್. ಪುರದವಳು; ಊರಾಚೆ ದ್ರಾಕ್ಷಿ ತೋಟ ಗುತ್ತಿಗೆ ಹಿಡಿದು ಇದೇ ವರ್ಷ ಮೊದಲ ವೈನು ಮಾಡಿದ್ದಳು. "ಅಣ್ಣ, ಈಗ್ತಾನೇ ತೆಗ್ದಿರೋ ಬಾಟ್ಲು. ನೀವೇ ಮೊದ್ಲು. ನೀವೊಂದು ಮಾತು ಹೇಳ್ಬಿಟ್ರೆ ಸಾಕು," ಅಂದಳು. ಸುತ್ತ ಹತ್ತಾರು ಜನ ಕಾದಿದ್ದರು.

ಹುಳಿ ತಿಳಿಯಿತು, ಒಗರು ತಿಳಿಯಿತು. ಮಿಕ್ಕದ್ದೆಲ್ಲ ಖಾಲಿ.

"ಚೆನ್ನಾಗಿದೆಯಮ್ಮಾ. ಹಣ್ಣಿನ ಘಮ ಸೊಗಸಾಗಿ ಬಂದಿದೆ."

ಹಂಸಳ ಮುಖ ಅರಳಿತು. ಅದೇ ಬಾಟಲಿಯಿಂದ ಎಲ್ಲರಿಗೂ ಬಗ್ಗಿಸಿದಳು.

ಗುಂಪಿನಲ್ಲಿದ್ದ ಶಿವಾಜಿನಗರದ ಮಾರಿಯಾ ಅವನ ಹಳೆಯ ಗೆಳತಿ, ಬಾಟಲಿ ಕೂಡಿಡುವುದರಲ್ಲಿ ಅವನಷ್ಟೇ ಹುಚ್ಚು. ಅವಳು ಗ್ಲಾಸು ಮೂಸಿ ತಟ್ಟನೆ ಕೆಳಗಿಟ್ಟಳು. "ಬಾಟ್ಲಿನ ಕಾರ್ಕ್ ಬಿರಡೆ ಕೆಟ್ಟು ವೈನ್ ಹಾಳಾಗಿದೆ. ಒದ್ದೆ ರಟ್ಟಿನ ವಾಸ್ನೆ ಹೊಡೀತಿದೆ. ಮುನೀಂದ್ರ, ನಿಂಗೆ ಗೊತ್ತಾಗ್ಲಿಲ್ವಾ?"

ಯಾರೋ ಗ್ಲಾಸು ಚೆಲ್ಲಿದರು. ಇಬ್ಬರು ಮುಖ ಸಿಂಡರಿಸಿ ಪಕ್ಕದ ಮಳಿಗೆಗೆ ಹೊರಟರು. ಹಂಸ ಒಮ್ಮೆ ಬಾಟಲಿಯನ್ನು, ಒಮ್ಮೆ ಅವನನ್ನು ನೋಡಿದಳು. ಮುನೀಂದ್ರ, ರುಚಿ ಅವರವರಿಗೆ ಬಿಟ್ಟದ್ದು ಅಂದು ಜಾರಿಕೊಳ್ಳಬಹುದಿತ್ತು. ಜಾರಿಕೊಂಡರೆ ಮುಳುಗುವವಳು ಹಂಸ.

"ಒಂದ್ನಿಮಿಷ ನಿಲ್ರೀ," ಅಂದ. "ತಪ್ಪು ನಂದು. ಜ್ವರ ಬಂದಾಗಿಂದ ನಂಗೆ ವಾಸ್ನೆನೇ ಗೊತ್ತಾಗ್ತಿಲ್ಲ. ಸುಳ್ಳು ಹೇಳ್ಬಿಟ್ಟೆ. ಬಿರಡೆಯಿಂದ ಕೆಟ್ಟಿರೋದು ಇದೊಂದೇ ಬಾಟ್ಲು ಇರ್ಬೋದು. ಮಾರಿಯಾ, ಇನ್ನೊಂದು ತೆಗೆಸು, ನೀನೇ ನೋಡು."

ಹಂಸ ತುಟಿ ಕಚ್ಚಿಕೊಂಡು ಇನ್ನೊಂದು ಬಾಟಲಿ ತೆಗೆದಳು. ಮಾರಿಯಾ ಮೂಸಿದಳು, ಮತ್ತೆ ಮೂಸಿದಳು. ಮುನೀಂದ್ರ ಅವಳ ಹುಬ್ಬನ್ನೇ ನೋಡುತ್ತ ನಿಂತ.

"ನೇರಳೆ ಹಣ್ಣಿನ ಘಮ," ಅಂದಳು ಮಾರಿಯಾ. "ಸ್ವಲ್ಪ ಮೆಣಸಿಂದೂ ಇದೆ. ನಂಗೆ ಆರು ಬಾಟ್ಲು ತೆಗೆದಿಡಮ್ಮ."

ಹೋಗುತ್ತಿದ್ದವರು ತಿರುಗಿ ಬಂದರು. ಹಂಸ ಎಲ್ಲರಿಗೂ ಬಗ್ಗಿಸಿದಳು, ಮುನೀಂದ್ರನೊಬ್ಬನನ್ನು ಬಿಟ್ಟು. ಜನ ಕರಗಿದ ಮೇಲೆ, "ಡಾಕ್ಟ್ರಿಗೆ ತೋರ್ಸಿದ್ರಾ?" ಎಂದು ಮಾತ್ರ ಕೇಳಿದಳು.

"ಇಲ್ಲ. ವಾಸ್ನೆ ಇನ್ನು ಬರೋದೇ ಇಲ್ಲ ಅಂದ್ಬಿಟ್ರೆ ಅಂತ ಭಯ."

"ಸೋಮವಾರ ನಾನೇ ಕರ್ಕೊಂಡು ಹೋಗ್ತೀನಿ," ಅಂದಳು ಮಾರಿಯಾ.

ಅವನು ತಲೆಯಾಡಿಸಿದ. ಸೋಮವಾರಕ್ಕೆ ಇನ್ನೂ ಎರಡು ದಿನವಿತ್ತು; ಅಲ್ಲಿಯವರೆಗಾದರೂ ವಾಸನೆ ಮರಳುತ್ತದೆಂದು ನಂಬಿಕೊಂಡಿರಬಹುದಿತ್ತು.