ಮೊದಲ ಅಂಕಿ ನುಂಗಿದ ಪ್ರವಾಹ

ತಾನಾ ನದಿ ಉಕ್ಕುತ್ತಿದೆ, ಅಳತೆಗಂಬ ಅರ್ಧ ಮುಳುಗಿದೆ ಎಂದು ಗಾರಿಸ್ಸಾದ ಕಾವಲುಗಾರ ಬೆಳಿಗ್ಗೆ ಫೋನ್ ಮಾಡಿದ. ನೈರೋಬಿಯ ನಮ್ಮ ಪ್ರವಾಹ ಮುನ್ಸೂಚನೆ ಕಚೇರಿಯ ಲೆಕ್ಕ ಮಾತ್ರ, ಕೆಳಗಿನ ಗಾರ್ಸೆನ್‌ನಲ್ಲಿ ನೀರು ಇಳಿಯುತ್ತದೆ ಎನ್ನುತ್ತಿತ್ತು. ಆ ಲೆಕ್ಕ ನನ್ನದು. ಅದನ್ನೇ ನಂಬಿ ನಮ್ಮಕ್ಕ ಹಬೋನಾ ಹೋದ ವಾರ ಮಕ್ಕಳನ್ನು ಕಟ್ಟಿಕೊಂಡು ಗಾರ್ಸೆನ್ ದಂಡೆಯ ಗದ್ದೆಗುಡಿಸಲಿಗೆ ಇಳಿದಿದ್ದಳು. ಭಯ ಬೇಡ, ಹೋಗಿ ನಾಟಿ ಮಾಡು ಎಂದವನೂ ನಾನೇ.

ಫೋರ್ಟ್ರಾನ್ ಭಾಷೆಯಲ್ಲಿ ಬರೆದ ನನ್ನ ಪ್ರೋಗ್ರಾಮಿನಲ್ಲಿ ನದಿಯೆಂದರೆ ಅಂಕಿಗಳ ಒಂದು ಸಾಲು, ಊರಿಗೊಂದು ಮನೆ. ದಿನ ಕಳೆದಂತೆ ಪ್ರತಿ ಅಂಕಿಯೂ ಒಂದು ಮನೆ ಕೆಳಕ್ಕೆ ಸರಿಯಬೇಕು. ಕಾಗದಕ್ಕೆ ಬರುವುದು ಕೊನೆಯ ಮನೆಯಾದ ಗಾರ್ಸೆನ್‌ನ ಅಂಕಿ ಮಾತ್ರ. ದಾರಿಯಲ್ಲೇನಾಗುತ್ತಿದೆ ಎಂದು ನೋಡಲು ನಡುವೆ ಒಂದು ಪ್ರಿಂಟ್ ಆಜ್ಞೆ ಸೇರಿಸಿದೆ. ಗಾರ್ಸೆನ್‌ಗೆ ಪ್ರವಾಹ ಬಂತು! ಅದನ್ನು ತೆಗೆದೆ, ಪ್ರವಾಹ ಮಾಯ. ಮತ್ತೆ ಸೇರಿಸಿದೆ, ಮತ್ತೆ ಬಂತು.

ನೀರಿಳಿಯುತ್ತದೆ ಎಂಬ ಮಧ್ಯಾಹ್ನದ ರೇಡಿಯೊ ವರದಿಗೆ ಸಹಿ ಹಾಕಲು ನಮ್ಮ ಹಿರಿಯ ಅಧಿಕಾರಿ ಮಕೋಖಾ ಆಗಲೇ ಪೆನ್ನು ತೆಗೆದಿದ್ದರು.

"ತಡೀರಿ ಸಾರ್! ತಪ್ಪು ನನ್ನ ಪ್ರೋಗ್ರಾಮಿಂದಲ್ಲ. ಅದನ್ನ ಯಂತ್ರದ ಭಾಷೆಗೆ ತಿರುಗಿಸುತ್ತಲ್ಲ, ಆ ಹೊಸ ಕಂಪೈಲರ್‌ದು. ನಡುವೆ ಒಂದು ಪ್ರಿಂಟ್ ಹಾಕಿದ್ರೆ ಗಾರ್ಸೆನ್‌ಗೆ ಪ್ರವಾಹ ಬರುತ್ತೆ, ತೆಗೆದ್ರೆ ಇಲ್ಲ."

"ಬಂತಪ್ಪಾ! ಸರ್ವೀಸೆಲ್ಲಾ ಇದನ್ನೇ ಕೇಳಿದೀನಿ. ಒಬ್ಬನಾದ್ರೂ ತಪ್ಪು ನಂದೇ ಅಂದಿಲ್ಲ. ಅಲ್ಲಯ್ಯಾ ಕೊಮೋರಾ, ಬಾಯಿ ಬಿಟ್ರೆ ಪ್ರವಾಹ, ಬಾಯಿ ಮುಚ್ಚಿದ್ರೆ ಇಲ್ಲ. ಯಾವುದನ್ನ ನಂಬಲಿ? ಹೋದ ವರ್ಷ ಸುಳ್ಳು ಎಚ್ಚರಿಕೆ ಕೊಟ್ಟು ಉಗಿಸ್ಕೊಂಡಿದ್ದು ಸಾಲದಾ?"

"ಸ್ವಲ್ಪ ಟೈಮ್ ಕೊಡಿ, ತೋರಿಸ್ತೀನಿ."

"ಈ ಚಹಾ ಮುಗಿಯೋ ತನಕ."

ಕುದಿವ ಚಹಾವನ್ನೂ ನೀರಿನಂತೆ ಕುಡಿಯುವ ಮನುಷ್ಯ ಅವರು. ಅವಸರವಾಗಿ ಪುಟ್ಟದೊಂದು ಪ್ರೋಗ್ರಾಮ್ ಬರೆದೆ: ಒಂದು, ಎರಡು, ಮೂರು, ನಾಲ್ಕು, ಐದು ಎಂಬ ಸಾಲು ಒಂದು ಮನೆ ಸರಿಯಲಿ, ಅಷ್ಟೇ. ಬರಬೇಕಾದದ್ದು: ಒಂದು, ಒಂದು, ಎರಡು, ಮೂರು, ನಾಲ್ಕು. ಪರದೆಯ ಮೇಲೆ ಬಂದದ್ದು: ಒಂದು, ಒಂದು, ಒಂದು, ಒಂದು, ಒಂದು.

ಮಕೋಖಾ ಕಪ್ಪು ಕೆಳಗಿಟ್ಟರು. "ಎರಡು ಎಲ್ಲಿ ಹೋಯ್ತು?"

"ಅದೇ ಸಾರ್. ಹಳೇ ಕಂಪೈಲರ್, ಬೆಂಚಿನ ಮೇಲಿದ್ದೋರನ್ನ ಎಬ್ಬಿಸೋ ಹಾಗೆ, ಎಲ್ಲಾ ಅಂಕಿನೂ ಎತ್ತಿಕೊಂಡು ಆಮೇಲೆ ಸರಿಸ್ತಿತ್ತು. ಈ ಮುಂಡೇದಕ್ಕೆ ಅವಸರ. ಮೊದಲನೆಯವನನ್ನ ಎರಡನೆಯವನ ಜಾಗಕ್ಕೆ ತುರುಕಿ, ಅಲ್ಲಿದ್ದೋನನ್ನ ಅಳಿಸಿಬಿಡುತ್ತೆ. ಆಮೇಲೆ ಅದೇ ಮೊದಲನೆಯವನನ್ನ ಮೂರನೇ ಜಾಗಕ್ಕೆ. ಪ್ರಿಂಟ್ ಅಡ್ಡ ಬಂದ್ರೆ ಮಾತ್ರ ನೆಟ್ಟಗಿರುತ್ತೆ. ಗಾರಿಸ್ಸಾಕ್ಕಿಂತ ಮೇಲೆ, ಮೊದಲ ಮನೇಲಿ ನೀರು ಕಮ್ಮಿ ಇದೆ, ಅದನ್ನೇ ಇದು ಕೊನೇ ತನಕ ತುಂಬಿಸಿಬಿಟ್ಟಿದೆ. ಗಾರಿಸ್ಸಾದ ಪ್ರವಾಹ ಅಳಿಸಿಹೋಗಿದೆ."

ಅವರು ವರದಿಯನ್ನು ಹರಿದು ಹಾಕಿದರು. "ಹೊಸದು ಬರಿ. ಬೇಗ!"

ಬರೆದುಕೊಟ್ಟವನೇ ಅಕ್ಕನಿಗೆ ಫೋನ್ ಮಾಡಿದೆ.

"ಮೊನ್ನೆ ಹೋಗು ಅಂದೆ, ಇವತ್ತು ಓಡು ಅಂತೀಯ. ನಿನ್ನ ಮಷೀನಿಗೆ ತಲೆ ಕೆಟ್ಟಿದ್ಯೇನೋ?"

"ಕೆಟ್ಟಿತ್ತು ಅಕ್ಕ. ಈಗ ನಾನು ಹೇಳ್ತಿದೀನಿ. ಗದ್ದೆ ಬಿಡು, ದಿಬ್ಬ ಹತ್ತು."

"ಪೈರು ಇನ್ನೂ ಬೇರು ಹಿಡಿದಿಲ್ಲ ಕಣೋ..." ಅವಳ ದನಿ ಒಡೆಯಿತು. ಆಮೇಲೆ ಅವಳು ಮಕ್ಕಳನ್ನು ಕೂಗತೊಡಗಿದಳು. "ಹಿರಿಬಾಯೆ! ಅಮುಮಾ! ಧಾಧೋ!" ಒಬ್ಬೊಬ್ಬರೇ ಓಗೊಟ್ಟರು. "ಜಿಲ್ಲೋ!" ಸದ್ದಿಲ್ಲ. "ಜಿಲ್ಲೋ!"

ನಾಲ್ಕನೆಯ ದನಿ ಕೇಳುವವರೆಗೆ ನಾನು ಫೋನನ್ನು ಕಿವಿಯಿಂದ ತೆಗೆಯಲಿಲ್ಲ.