ಕೆರೆದಂಡೆ ಬೀದಿಯ ಪೈಪು

"ಬಾಣಂತಿ ಮಲಗಾಕೆ ಜಾಗ ಇಲ್ವಾ? ಅಂಗಾರೆ ನನ್ ಹಾಸ್ಗೆ ಮ್ಯಾಲೆ ತಂದು ಮಲಗಿಸ್ತೀಯೇನೇ, ಮುಂಡೆ?"

ಮಿಲ್ಲಿನ ಮಾಲೀಕ ಸೂರ್ಯಪ್ರಕಾಶ್ ಹೀಗಂದು ನಕ್ಕ. ಎದುರಿಗೆ ಕಾಫಿ ಕುಡಿಯುತ್ತಿದ್ದ ಪುರಸಭೆಯ ಇಂಜಿನಿಯರೂ ನಕ್ಕ. ಮಿಲ್ಲಿನಲ್ಲಿ ಕಾಯಿ ಹೆರೆಯುವ ಚಿಕ್ಕಗೌರಮ್ಮ ಕೇಳಿದ್ದಾದರೂ ಏನು? ಮಿಲ್ಲಿನ ಕೊಳೆನೀರು ಮನೆಯೊಳಗೆ ನಿಂತಿದೆ, ಸೊಸೆ ಯಮುನಾ ಹನ್ನೊಂದು ದಿನದ ಕೂಸು ಕಟ್ಟಿಕೊಂಡು ಮಂಚ ಬಿಟ್ಟು ಇಳಿಯೋ ಹಾಗಿಲ್ಲ, ಪೈಪು ತಿರುಗಿಸಿ ಅಂತ.

"ಮೊದ್ಲು ಕೆರೆಗೇ ಬುಡ್ತಿದ್ರಲ್ಲ, ಬುದ್ಧಿ?"

"ಕೆರೆ ಪಕ್ಕ ಪಾರ್ಕ್ ಆಗ್ತೈತೆ, ದೊಡ್ಡೋರು ವಾಕಿಂಗ್ ಬತ್ತಾರೆ. ನಿಮ್ ಬೀದಿಗೇನು ಬಂದೈತೆ ದೊಡ್ರೋಗ? ನಡಿ, ಕಾಯಿ ಹೆರಿ ಹೋಗು."

ಅಯ್ಯೋ, ಆ ಕೆರೆದಂಡೆ ಕಂಡಿದ್ದು ಒಂದಾ ಎರಡಾ! ಚಿಕ್ಕಗೌರಮ್ಮನ ಅತ್ತೆ ಮುದ್ದಕ್ಕ ಸೊಂಟದುದ್ದ ನೀರಲ್ಲಿ ನಿಂತು ನೆನೆದ ತೆಂಗಿನಮಟ್ಟೆ ಬಡಿದು ಬಡಿದೇ ಸತ್ತಳು. ಆಮೇಲೆ ನಾರಿನ ಮಿಷನ್ನು ಬಂತು, ಗಂಡನ ನಾಕು ಬೆರಳು ನುಂಗಿತು. ನ್ಯಾಯ ಕೇಳಿ ಸ್ಟ್ರೈಕಿಗೆ ಕೂತವರಿಗೆ ಲಾಠಿ ಬಿತ್ತು, ಮಿಲ್ಲಿಗೆ ಬೀಗ ಬಿತ್ತು. ಬೀಗ ತೆಗೆದಾಗ ಅದು ಕೊಬ್ಬರಿಪುಡಿ ಮಿಲ್ಲು. ಮಾಲೀಕ ಮಾತ್ರ ಅದೇ ಹಡಬೆ. ಹಿಂದಿನ ಶೆಡ್ಡಿನಲ್ಲಿ ನಾರಿನ ಹೊಟ್ಟನ್ನು ಇಟ್ಟಿಗೆಯ ಹಾಗೆ ಒತ್ತಿ ಹೊರದೇಶಕ್ಕೆ ಕಳಿಸುವ ಕೆಲಸವೂ ನಡೆಯುತ್ತಿತ್ತು.

ಊಟಕ್ಕೆ ಮಿಲ್ಲು ನಿಂತಾಗ ಚಿಕ್ಕಗೌರಮ್ಮ ಆ ಹೊಟ್ಟಿನ ಇಟ್ಟಿಗೆಗಳನ್ನು ಸೆರಗಿನಲ್ಲಿ ತುಂಬಿಕೊಂಡು ಬೀದಿಗೆ ಬಂದಳು. ಜೊತೆಗೆ ಕಾಯಿ ಹೆರೆಯುವ ವನಜಾಕ್ಷಿ ಗಾಬರಿಯಾದಳು.

"ಏನಕ್ಕಾ ಇದು?"

"ಒಣಗಿದ್ರೆ ಅಂಗೈ ಅಗಲ ಕಣೇ. ನೀರು ಕುಡ್ದು ಊದ್ಕಂತು ಅಂದ್ರೆ ಆನೆ ಎಳದ್ರೂ ಬರಾಕಿಲ್ಲ. ತುರುಕು!"

ಬೀದಿಗೆ ಕೊಳೆನೀರು ಬಿಡುವ ಪೈಪಿನ ಬಾಯಿಗೆ ಹನ್ನೆರಡು ಇಟ್ಟಿಗೆ ಇಳಿದವು.

ಮೂರು ಗಂಟೆಗೆಲ್ಲ ಮಿಲ್ಲಿನ ಮೋರಿ ಉಕ್ಕಿತು. ಹುಳಿ ನಾರುವ ನೀರು ಗೋಡೌನಿಗೆ ನುಗ್ಗಿ, ಲಾರಿಗೆ ಕಾದಿದ್ದ ಪುಡಿಚೀಲಗಳ ಬುಡ ನೆಕ್ಕಿತು. ಸೂರ್ಯಪ್ರಕಾಶ್ ಬಿಳಿ ಪಂಚೆ ಎತ್ತಿಕೊಂಡು ಬಾಯಿ ಬಡಿದುಕೊಂಡ. ಸುಳ್ಳೇಕೆ, ಚಿಕ್ಕಗೌರಮ್ಮನಿಗೆ ಹೊಟ್ಟೆಗೆ ಹಾಲು ಹುಯ್ದಂತಾಯಿತು.

"ನೀರಿನ ಮೋಟ್ರು ಆಫ್ ಮಾಡ್ರೋ, ಬೋಳಿಮಕ್ಳಾ!"

ಆಪರೇಟರ್ ಕಲ್ಲೇಶ್ ಸ್ವಿಚ್ಚಿನತ್ತ ಓಡಿದ. ಅವನಿಗಿಂತ ಮೊದಲೇ ಚಿಕ್ಕಗೌರಮ್ಮ ಸ್ವಿಚ್‌ಬೋರ್ಡಿಗೆ ಬೆನ್ನು ಕೊಟ್ಟು, ಕಾಯಿ ಹೆರೆಯುವ ಚೂರಿ ಹಿಡಿದು ನಿಂತಿದ್ದಳು. ಕಲ್ಲೇಶ್ ಅವಳ ಮುಖ ನೋಡಿದ, ಮಾಲೀಕನ ಮುಖ ನೋಡಿದ, ಕೈ ಕಟ್ಟಿಕೊಂಡು ಪಕ್ಕಕ್ಕೆ ನಿಂತ.

"ದಾರಿ ಬುಡೇ, ಲೌಡಿ!" ಸೂರ್ಯಪ್ರಕಾಶ್ ಅರಚಿದ.

"ಓಡ್ಲಿ ಬುಡಿ ಬುದ್ಧಿ," ಅಂದಳು. "ಆರು ಗಂಟೆ ತಂಕ ಪಾಳಿ ಐತೆ."