ದಾನದ ರಗ್ಗು ಒಣಗುವ ಬೀದಿ

“ಥೂ, ಮುಂಡೇವಾ! ಮೂಗು ಒರೆಸ್ಕೊಂಡು ಮುಟ್ಟ್ರೇ. ದಾನದ ಮಾಲು ಇದು. ನಿಮ್ಮ ಹಾಳು ಬೆವರು ಅಂಟಿದ್ರೆ ತಗೊಳ್ಳೋರು ಮೂಗು ಮುಚ್ಕೋತಾರೆ!”

ಗುಮಾಸ್ತ ಹೀಗೆ ಅರಚುತ್ತ, ಗಾಡಿಯ ಮೇಲೆ ನಿಂತು ರಗ್ಗಿನ ಗಂಟುಗಳನ್ನು ಕಾಲಿನಿಂದ ಒದ್ದು ಕೆಳಕ್ಕೆ ಉರುಳಿಸುತ್ತಿದ್ದ. ಒಂದು ಗಂಟು ನೇರ ನನ್ನ ಬೆನ್ನಿಗೇ ಬಡಿಯಿತು. ಬೇರೆ ಹೆಂಗಸಾಗಿದ್ದರೆ ಸೊಂಟ ಮುರಿದು ಅಲ್ಲೇ ಮಲಗುತ್ತಿದ್ದಳು. ನನ್ನ ಬೆನ್ನಿಗೆ ಬಡಿದ ಏಟಿಗೆ ಗಂಟೇ ಬಿಚ್ಚಿಹೋಯಿತು. ನಮ್ಮ ಬೀದಿಯವರು ನನ್ನನ್ನು ‘ಬಡಾಯಿ’ ಎಂದು ಕರೆಯುತ್ತಾರೆ. ಬರೀ ಹೊಟ್ಟೆಕಿಚ್ಚು. ನಾನು ಬಟ್ಟೆ ಎತ್ತಿ ಕಲ್ಲಿಗೆ ಕುಕ್ಕಿದರೆ ಪಕ್ಕದ ಊರಿನವರು ಗುಡುಗೆಂದು ತಿಳಿದು ಒಣಹಾಕಿದ್ದನ್ನೆಲ್ಲ ಒಳಗೆ ತೆಗೆದುಕೊಳ್ಳುತ್ತಾರೆ.

“ತಗೊಳ್ಳೋರು ಯಾರಣ್ಣಾ?” ಎಂದೆ.

“ನೀವೇ ಕಣೇ, ಇನ್ಯಾರು?”

“ಅಲ್ಲಾ, ಒಗೆಯೋರೂ ನಾವೇ, ತಗೊಳ್ಳೋರೂ ನಾವೇ, ಮೂಗು ಮುಚ್ಕೊಳ್ಳೋರೂ ನಾವೇ. ಮತ್ತೆ ಕೊಡೋರಿಗೇನು ಕೆಲಸ?”

“ಕೊಡೋರಿಗೆ ಫೋಟೋ ಇರುತ್ತೆ. ಬಾಯಿ ಮುಚ್ಕೊಂಡು ಒಗಿ, ಲೌಡಿ.”

ನಮ್ಮದು ಆಸ್ಪತ್ರೆಯ ಬಟ್ಟೆ ಒಗೆಯುವ ಬೀದಿ. ಹಾಸಿಗೆಯ ಬಟ್ಟೆ, ಹೊದಿಕೆ, ಆಪರೇಷನ್ ಮಾಡುವವರ ಹಸಿರು ಅಂಗಿ, ಯಾರದೋ ಹೆರಿಗೆಯ ರಕ್ತ, ಯಾರದೋ ಕೊನೆಯ ವಾಂತಿ, ಎಲ್ಲವೂ ನಮ್ಮ ಕೈಯಲ್ಲೇ ತೊಳೆಯಬೇಕು. ರಕ್ತದ ಬಟ್ಟೆಯನ್ನು ಮೊದಲು ತಣ್ಣೀರಿಗೆ ಹಾಕಬೇಕು, ಬಿಸಿನೀರಿಗೆ ಹಾಕಿದರೆ ಕಲೆ ಕಚ್ಚಿಕೊಳ್ಳುತ್ತದೆ. ಆಮೇಲೆ ಉಬ್ಬೆಯ ಹಂಡೆಯಲ್ಲಿ ಸೋಡದ ಜೊತೆ ಕುದಿಸಿ, ಕಲ್ಲಿಗೆ ಬಡಿದು, ಹಿಂಡಿ, ಹಗ್ಗಕ್ಕೆ ಹಾಕಬೇಕು. ಈ ಆಸ್ಪತ್ರೆ ಬಟ್ಟೆಯ ಗುತ್ತಿಗೆ ದಾನಿಯದು. ದಾನಿ ಎಂಬುದು ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಪೋಸ್ಟರಿನಲ್ಲಿ ತಾನೇ ಅಚ್ಚು ಹಾಕಿಸಿಕೊಂಡದ್ದು. ಈ ಸಲ ಅವನು ಓಟಿಗೆ ನಿಂತಿದ್ದ. ಪೋಸ್ಟರಿನಲ್ಲಿ ಅವನ ಮುಖ ನಮ್ಮ ಮನೆಯ ಬಾಗಿಲಿಗಿಂತ ದೊಡ್ಡದು. ಮುಖದ ಕೆಳಗೆ ಬರೆದಿತ್ತು: ‘ಒಗೆಯುವವರ ಬೀದಿಯ ಪ್ರತಿ ಮನೆಗೂ ವರ್ಷವರ್ಷವೂ ಬೆಚ್ಚನೆಯ ರಗ್ಗು ಕೊಟ್ಟ ಜನಸೇವಕ.’

ನೋಡಿ, ಸುಳ್ಳಿನ ವಿಷಯದಲ್ಲಿ ನನ್ನ ಮುಂದೆ ಯಾರೂ ಬಾಲ ಬಿಚ್ಚಬಾರದು. ಸಾಸಿವೆಯನ್ನು ಕುಂಬಳಕಾಯಿ ಮಾಡುವುದು ನನಗೆ ಹುಟ್ಟುವಾಗಲೇ ಬಂದ ವಿದ್ಯೆ. ಆದರೆ ಒಂದು ಸಾಸಿವೆಯಾದರೂ ಬೇಕಲ್ಲ? ಈ ಬೋಳೀಮಗ ಸಾಸಿವೆಯೂ ಇಲ್ಲದೆ ಕುಂಬಳಕಾಯಿ ಮಾಡಿದ್ದ. ನನಗೆ ಹೊಟ್ಟೆ ಉರಿಯಿತು.

ರಗ್ಗು ಕೊಡುವುದು ಹೇಗೆಂದು ಹೇಳುತ್ತೇನೆ. ಮೈದಾನದಲ್ಲಿ ಒಂದು ವೇದಿಕೆ. ನಾವು ಮುಂದಿನ ಮೆಟ್ಟಿಲು ಹತ್ತಬೇಕು. ದಾನಿ ರಗ್ಗು ಕೊಡುತ್ತಾನೆ, ಕೊಡುವಾಗ ನಮ್ಮ ಕಡೆ ನೋಡುವುದಿಲ್ಲ, ಕ್ಯಾಮೆರಾದ ಕಡೆ ನೋಡುತ್ತಾನೆ. ಕ್ಯಾಮೆರಾ ಮಿನುಗಿದ ಮೇಲೆ ನಾವು ಹಿಂದಿನ ಮೆಟ್ಟಿಲು ಇಳಿಯಬೇಕು. ಅಲ್ಲಿ ಅವನ ಗುಮಾಸ್ತ ಗೋಣಿಚೀಲದ ಬಾಯಿ ಅಗಲಿಸಿಕೊಂಡು ನಿಂತಿರುತ್ತಾನೆ. ರಗ್ಗು ಚೀಲಕ್ಕೆ ಹೋಗುತ್ತದೆ, ಚೀಲ ಮತ್ತೆ ವೇದಿಕೆಗೆ ಹೋಗುತ್ತದೆ. ಒಂದು ಗಾಡಿ ರಗ್ಗಿನಲ್ಲಿ ಇಡೀ ಪ್ರಪಂಚಕ್ಕೇ ದಾನ ಮಾಡಬಹುದು. ನಾವು ಮುಟ್ಟಿ ಎಂಜಲಾದ ಮಾಲೆಂದು ಆಮೇಲೆ ಅದನ್ನು ಒಗೆಯಲು ನಮಗೇ ಹಾಕುತ್ತಾರೆ. ಕೂಲಿ ಕೇಳಿದರೆ, “ದಾನಕ್ಕೂ ಕೂಲಿ ಕೇಳ್ತೀರಾ, ಪಾಪಿಗಳಾ?” ಎನ್ನುತ್ತಾರೆ.

ಹೋದ ಚಳಿಗಾಲದಲ್ಲಿ ನನ್ನ ಅತ್ತೆಗೆ ಜ್ವರ. ಅವಳ ಮೈ ಎಷ್ಟು ಕಾದಿತ್ತೆಂದರೆ, ಹೊಟ್ಟೆಯ ಮೇಲೆ ಹಂಡೆ ಇಟ್ಟಿದ್ದರೆ ಉಬ್ಬೆ ಕುದಿಯುತ್ತಿತ್ತು. ಆದರೂ ಹಲ್ಲು ಕಟಕಟ ಎನ್ನುತ್ತಿತ್ತು. ವೇದಿಕೆಯ ಮೇಲೆ ರಗ್ಗು ಕೈಗೆ ಬಂದದ್ದೇ ತಡ, ಮಗುವನ್ನು ಅಪ್ಪಿಕೊಂಡಂತೆ ಎದೆಗೆ ಅಪ್ಪಿಕೊಂಡಳು. ಹಿಂದಿನ ಮೆಟ್ಟಿಲಿನಲ್ಲಿ ಗುಮಾಸ್ತ ಕೈ ಚಾಚಿದ.

“ಬಿಡೇ, ಮುದುಕಿ.”

“ಇವತ್ತೊಂದು ರಾತ್ರಿ ಇರ್ಲಪ್ಪಾ. ಬೆಳಿಗ್ಗೆ ಒಗೆದು ಕೊಡ್ತೀನಿ.”

“ನಿಮ್ಮಪ್ಪಂದಾ ಇದು? ಬಿಡೇ ಅಂದ್ರೆ!”

ಅವನು ಎಳೆದ, ಅವಳು ಬಿಡಲಿಲ್ಲ. ರಗ್ಗಿನ ಜೊತೆ ಅತ್ತೆಯೂ ಮೆಟ್ಟಿಲಿನಿಂದ ಉರುಳಿದಳು. ಅವನು ಬಗ್ಗಿದ. ಎತ್ತಿಕೊಂಡದ್ದು ರಗ್ಗನ್ನು. ಮೇಲೆ ಮೈಕಿನಲ್ಲಿ ದಾನಿ, “ನಮ್ಮ ತಾಯಂದಿರು ಚಳಿಯಲ್ಲಿ ನಡುಗುವುದನ್ನು ನಾನು ನೋಡಲಾರೆ” ಎನ್ನುತ್ತಿದ್ದ. ನಿಜ, ಅವನು ನೋಡಲಿಲ್ಲ. ಆವತ್ತಿನಿಂದ ಅತ್ತೆಯ ಮೊಣಕೈ ನೆಟ್ಟಗಾಗಲಿಲ್ಲ. ಒಂದೇ ಕೈಯಲ್ಲಿ ಬಟ್ಟೆ ಹಿಂಡುತ್ತಾಳೆ, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಾಳೆ.

ಆ ರಗ್ಗುಗಳು ಮಾರನೆಯ ದಿನ ಒಗೆಯಲು ಬಂದಾಗ ಒಂದು ತಪ್ಪಾಯಿತು. ಬೀದಿಯ ಬಟ್ಟೆಯೆಲ್ಲ ಒಂದೇ ಹಂಡೆಯಲ್ಲಿ ಕುದಿಯುವುದರಿಂದ, ಯಾರು ಒಗೆದದ್ದು ಯಾವುದೆಂದು ತಿಳಿಯಲು ಪ್ರತಿ ಮನೆಗೂ ಒಂದೊಂದು ಗುರುತು ಇದೆ. ಬಟ್ಟೆಯ ಮೂಲೆಯಲ್ಲಿ ದಾರದ ಹೊಲಿಗೆ. ನಮ್ಮ ಮನೆಯದು ಕೆಂಪು ದಾರದ ಅಡ್ಡಗೆರೆ, ಎದುರು ಮನೆಯವಳದು ಹಸಿರು ಚುಕ್ಕೆ. ದಾನಿಯ ಮಾಲಿಗೆ ಗುರುತು ಹಾಕಬೇಕಾಗಿಯೇ ಇರಲಿಲ್ಲ, ಅದಕ್ಕೆ ಬೇರೆ ಹಂಡೆ ಇಡುತ್ತಿದ್ದೆವು. ಅತ್ತೆ ಜ್ವರದ ಮಂಪರಿನಲ್ಲೇ ಸೂಜಿ ಹಿಡಿದು ಕೂತು, ನಮ್ಮ ಪಾಲಿನ ರಗ್ಗುಗಳಿಗೆಲ್ಲ ಕೆಂಪು ಗೆರೆ ಎಳೆದುಬಿಟ್ಟಳು. ಅವಳನ್ನು ನೋಡಿ ಎದುರು ಮನೆಯವಳೂ ಹೊಲಿದಳು, ಅವಳನ್ನು ನೋಡಿ ಬೀದಿಗೆ ಬೀದಿಯೇ ಹೊಲಿಯಿತು.

“ಅತ್ತೇ, ಇದು ಅವನ ಮಾಲು. ಇದಕ್ಯಾಕೆ ಗುರುತು?” ಎಂದೆ.

“ಅಯ್ಯೋ, ಕೈ ರೂಢಿ ಕಣೇ. ಬಿಚ್ಚೋಕೆ ಯಾರಿಗಿದೆ ಪುರುಸೊತ್ತು?”

ಗುಮಾಸ್ತನಿಗೆ ಇದು ಕಾಣಲಿಲ್ಲ. ಕಾಲಿನಲ್ಲಿ ಮುಟ್ಟುವವನಿಗೆ ಮೂಲೆ ಹೇಗೆ ಕಾಣಬೇಕು?

ಈಗ ಕಾಗೆ ಕೂಡ ಬಾಯಿ ಕಳೆದು ಕೂರುವ ಬಿಸಿಲು. ಈ ಬಿಸಿಲಿನಲ್ಲಿ ಅವೇ ರಗ್ಗುಗಳ ದಾನ. ಓಟು ಚಳಿಗಾಲದವರೆಗೆ ಕಾಯುವುದಿಲ್ಲವಲ್ಲ. ಒಗೆದು ಹಗ್ಗಕ್ಕೆ ಹಾಕಿ ಇನ್ನೂ ಬೆನ್ನು ನೆಟ್ಟಗೆ ಮಾಡಿರಲಿಲ್ಲ, ಗುಮಾಸ್ತ ಬೀದಿಯ ತುದಿಯಿಂದ ಓಡೋಡಿ ಬಂದ.

“ಕೇಳ್ರೇ ಇಲ್ಲಿ! ಮೇಷ್ಟ್ರು ಬರ್ತಿದ್ದಾರೆ. ಊರಿನ ದೊಡ್ಡಮನುಷ್ಯರೆಲ್ಲ ಸೇರಿ ಯಾರ್ಯಾರು ಎಷ್ಟು ಸೇವೆ ಮಾಡಿದ್ದಾರೆ ಅಂತ ಇವರ ಕೈಲಿ ವಿಚಾರಿಸಿ ಪುಸ್ತಕ ಅಚ್ಚು ಹಾಕಿಸ್ತಾರಂತೆ. ರಗ್ಗು ಕೊಟ್ರಾ ಅಂದ್ರೆ ಕೊಟ್ರು ಅನ್ನಿ. ಇಲ್ಲ ಅಂದ ಬೀದಿಗೆ ನಾಳೆಯಿಂದ ಆಸ್ಪತ್ರೆ ಗಂಟು ಬರಲ್ಲ. ಆಮೇಲೆ ಸೋಪು ತಿಂದು ಸೋಡ ಕುಡೀರಿ.”

ಮೇಷ್ಟ್ರು ಬಂದರು. ಇಸ್ತ್ರಿಯ ಬಿಳಿ ಅಂಗಿ, ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯ ಕರವಸ್ತ್ರ ಮೂಗಿನ ಮೇಲೆ. ಆ ಅಂಗಿಯ ಬಿಳುಪು ನಮ್ಮಂಥವರ ಕೈಯದು, ಮೂಗು ಮುಚ್ಚಿಕೊಂಡದ್ದೂ ನಮ್ಮಂಥವರಿಗೇ. ಗುಮಾಸ್ತನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು, “ಹೆದರಬೇಡಿ ತಾಯಿ, ನಿಜ ಹೇಳಿ” ಎಂದರು. ಬೆಕ್ಕನ್ನು ಕಂಕುಳಲ್ಲಿಟ್ಟುಕೊಂಡು ಇಲಿಗೆ ಧೈರ್ಯ ಹೇಳಿದ ಹಾಗೆ.

“ರಗ್ಗು ಕೊಟ್ಟಿದ್ದಾರಾ?”

“ಕೊಟ್ಟಿದ್ದಾರೆ ಸ್ವಾಮಿ,” ಎಂದಳು ಎದುರು ಮನೆಯವಳು, ನೆಲ ನೋಡುತ್ತ.

“ಎಲ್ಲರಿಗೂ?”

ಇಲ್ಲಿ ನನಗೆ ನಾಲಿಗೆ ತುರಿಸಿತು. “ಎಲ್ಲರಿಗೂ ಅಂದ್ರೇನು ಸ್ವಾಮಿ! ಹಾಸೋಕೊಂದು, ಹೊದೆಯೋಕೊಂದು, ನೆಂಟ್ರು ಬಂದ್ರೆ ಇರ್ಲಿ ಅಂತ ಇನ್ನೊಂದು. ನಮ್ಮ ನಾಯಿಗೂ ಕೊಟ್ಟಿದ್ದಾರೆ.”

“ನಾಯಿಗೂ?”

“ನಾಯಿಗೆ ಸಣ್ಣ ಸೈಜು ಸ್ವಾಮಿ.”

ಬೀದಿಯ ಹೆಂಗಸರೆಲ್ಲ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಗುಮಾಸ್ತ ನನ್ನನ್ನು ಕಣ್ಣಿನಲ್ಲೇ ಸುಟ್ಟ. ಮೇಷ್ಟ್ರು ಮಾತ್ರ ಗಂಭೀರವಾಗಿ ಬರೆದುಕೊಂಡರು, ‘ಪ್ರಾಣಿದಯೆಯೂ ಇದೆ.’

“ಎಲ್ಲಿ, ಒಂದು ರಗ್ಗು ತೋರಿಸಿ.”

ಗುಮಾಸ್ತ ಹಗ್ಗದ ಕಡೆ ಕೈಬೀಸಿದ. “ಅಗೋ ಸಾರ್, ಒಣಗ್ತಾ ಇವೆಯಲ್ಲ, ಎಲ್ಲಾ ಇವರವೇ.”

ಮೇಷ್ಟ್ರು ಪೂರ್ತಿ ಪೆದ್ದರಲ್ಲ. “ಇದು ಒಗೆಯೋ ಬೀದಿ. ಬೇರೆಯವರ ರಗ್ಗು ಒಗೆಯೋಕೆ ಬಂದಿರಬಹುದಲ್ಲ? ಇವರದ್ದೇ ಅಂತ ಹೇಗೆ ನಂಬೋದು?” ಎಂದರು.

ಗುಮಾಸ್ತ ತಲೆ ಕೆರೆದುಕೊಂಡ. ಅತ್ತೆ ಕಲ್ಲಿನ ಮೇಲಿಂದ ಎದ್ದು ಬಂದಳು. ಹಗ್ಗದಲ್ಲಿದ್ದ ಒಂದು ರಗ್ಗಿನ ಮೂಲೆಯನ್ನು ಮೇಷ್ಟ್ರ ಕನ್ನಡಕದ ಮುಂದೆ ಹಿಡಿದಳು. “ಗುರುತಿದೆ ಸ್ವಾಮಿ. ನಮ್ಮ ಮನೆಯದು ಕೆಂಪು.”

ಗುಮಾಸ್ತ ಒಂದು ಮೂಲೆ ನೋಡಿದ, ಇನ್ನೊಂದು ನೋಡಿದ. ಮುಳುಗುವವನಿಗೆ ದೋಣಿಯೇ ಸಿಕ್ಕಿತು. “ನೋಡಿ ಸಾರ್, ನೋಡಿ! ಮನೆಮನೆಗೂ ಬೇರೆ ಬೇರೆ ಗುರುತು! ಇದು ಕೆಂಪು, ಇದು ಹಸಿರು. ಬೇರೆಯವರ ಮಾಲಿಗೆ ಯಾರಾದ್ರೂ ತಮ್ಮ ಗುರುತು ಹಾಕ್ತಾರಾ?”

“ಹಾಗಾದರೆ ಇವೆಲ್ಲ ಇವರ ಸ್ವತ್ತು ಅಂತ ನೀವು ಹೇಳ್ತೀರಿ?”

“ಇವರ ಸ್ವತ್ತೇ ಸಾರ್. ನಮ್ಮ ತಾಯಾಣೆ.”

ಮೇಷ್ಟ್ರು ಬರೆದುಕೊಂಡರು. ಪಕ್ಕದ ಹಗ್ಗದಲ್ಲಿ ಒಣಗುತ್ತಿದ್ದ ಆಸ್ಪತ್ರೆಯ ಬಟ್ಟೆಯ ಮೂಲೆಯಲ್ಲೂ ಅದೇ ಗುರುತು ಇತ್ತು. ಅದನ್ನು ನೋಡಿದ್ದರೆ ಆ ಪುಣ್ಯಾತ್ಮರು ಆಸ್ಪತ್ರೆಯನ್ನೇ ನಮ್ಮ ಹೆಸರಿಗೆ ಬರೆದುಬಿಡುತ್ತಿದ್ದರು. ಆಮೇಲೆ ಬೀದಿಯ ತುದಿಯ ಟೀ ಅಂಗಡಿಯ ನೆರಳಿನಲ್ಲಿ ಕೂತು, ಬರೆದದ್ದನ್ನು ತಿದ್ದತೊಡಗಿದರು.

ಅವರು ಅತ್ತ ಹೋದದ್ದೇ ತಡ, ಗುಮಾಸ್ತ ಗಾಡಿಯನ್ನು ಹಿಂದಕ್ಕೆ ತರಿಸಿದ. “ಹೂಂ, ಮಡಚಿ. ಬೇಗ ಗಂಟು ಕಟ್ಟಿ. ಸಂಜೆ ಆಚೆ ಬೀದೀಲಿ ವೇದಿಕೆ ಇದೆ.”

ಅತ್ತೆ ಕೇಳಿದಳು, “ಏನು ಮಡಚೋದು?”

“ರಗ್ಗು ಕಣೇ, ಮುದುಕಿ.”

“ನಮ್ಮವು ಅಂದ್ಯಲ್ಲಪ್ಪಾ.”

“ಅದು ಅವರಿಗೆ ಹೇಳಿದ್ದು!”

“ನಿಮ್ಮಮ್ಮನ ಮೇಲೆ ಆಣೆ ಇಟ್ಟೆ. ನಿಮ್ಮಮ್ಮ ಸುಮ್ನೆ ಸಿಕ್ಕಿದಳಾ?”

ನಾನು ನಕ್ಕೆ. ಗುಮಾಸ್ತ ನಗಲಿಲ್ಲ. ದನಿ ತಗ್ಗಿಸಿದ. ಅವನು ಅರಚುವಾಗ ನಮಗೆ ಹೆದರಿಕೆಯಿಲ್ಲ, ದನಿ ತಗ್ಗಿಸಿದಾಗಲೇ ಹೆದರಿಕೆ. “ನೋಡಿ, ಹೊಳೆಯಾಚೆ ಒಗೆಯೋರು ಇದ್ದಾರೆ. ನಿಮಗಿಂತ ಕಮ್ಮಿ ಕೂಲಿಗೆ ಕೈಮುಗಿದು ಬರ್ತಾರೆ. ನಾಳೆ ಬೆಳಿಗ್ಗೆ ಆಸ್ಪತ್ರೆ ಗಾಡಿ ಈ ಬೀದಿಗೆ ಬರಬೇಕಾ, ಬೇಡವಾ? ನೀವೇ ಹೇಳಿ.”

ಎದುರು ಮನೆಯವಳು ಬಾಣಂತಿ. ಅವಳು ಮಗುವನ್ನು ಕಂಕುಳಿಗೆ ಏರಿಸಿಕೊಂಡು, ಹಗ್ಗದಿಂದ ಒಂದು ರಗ್ಗು ತೆಗೆದು ಮೆಲ್ಲಗೆ ಮಡಚತೊಡಗಿದಳು. ಅವಳನ್ನು ಬೈಯಲು ನನಗೂ ಬಾಯಿ ಬರಲಿಲ್ಲ. ನನ್ನ ಕಾಲು ನಡುಗಿತು. ಭೂಮಿ ನಡುಗಿತೆಂದು ಆಮೇಲೆ ಎಲ್ಲರಿಗೂ ಹೇಳಿದ್ದೇನೆ, ನೀವೂ ಹಾಗೇ ತಿಳಿಯಿರಿ.

ಅತ್ತೆ ಹಗ್ಗದಿಂದ ಒಂದು ರಗ್ಗು ಎಳೆದಳು. ಇನ್ನೂ ಅರೆಒದ್ದೆ. ನೆಟ್ಟಗಾಗದ ಕೈಯನ್ನು ಹೇಗೋ ಎತ್ತಿ, ತಲೆಯಿಂದ ಕಾಲವರೆಗೆ ಹೊದ್ದುಕೊಂಡು, ಒಗೆಯುವ ಕಲ್ಲಿನ ಮೇಲೆ ಕೂತಳು.

“ಬಾರೋ. ಈಗ ಎಳಿ,” ಎಂದಳು.

ಅವನು ಎಳೆಯಲು ಬಂದೇಬಿಟ್ಟ, ಕಳ್ಳನನ್ಮಗ. ಆಗ ನಾನು ಬಾಯಿ ತೆಗೆದೆ. ಹುಟ್ಟಿದಾಗಿನಿಂದ ಕೂಡಿಟ್ಟ ಗಂಟಲನ್ನೆಲ್ಲ ಹೊರಗೆ ಹಾಕಿದೆ. ಟೀ ಅಂಗಡಿಯ ಗಾಜಿನ ಲೋಟಗಳೆಲ್ಲ ಬಿರುಕುಬಿಟ್ಟವು.

“ಮೇಷ್ಟ್ರೇ! ಓಡಿ ಬನ್ನಿ! ನಮ್ಮ ರಗ್ಗು ಕಿತ್ಕೊಳ್ತಿದ್ದಾನೆ!”

ಮೇಷ್ಟ್ರು ಕೊಡೆಯನ್ನೂ ಬಿಟ್ಟು ಓಡಿ ಬಂದರು. ಗುಮಾಸ್ತನ ಕೈಯಲ್ಲಿ ಅತ್ತೆಯ ರಗ್ಗಿನ ತುದಿ.

“ಏನಿದು?”

“ಏನಿಲ್ಲ ಸಾರ್,” ಎಂದ ಗುಮಾಸ್ತ. ಬೆವರು ಮೂಗಿನ ತುದಿಯಿಂದ ಸರಿಯಾಗಿ ದಾನದ ಮಾಲಿನ ಮೇಲೇ ತೊಟ್ಟಿಕ್ಕಿತು. “ಅಜ್ಜಿಗೆ ವಯಸ್ಸಾಗಿದೆ. ಮಡಚೋಕೆ ಸಹಾಯ ಮಾಡ್ತಿದ್ದೆ.”

“ಮಡಚಣ್ಣಾ, ಮಡಚು,” ಎಂದೆ ನಾನು. “ಆ ಹಗ್ಗದ್ದೂ ಇದೆ.”

ಮೇಷ್ಟ್ರು ನೋಡುತ್ತ ನಿಂತಿದ್ದರು. ಅವನು ಮಡಚಿದ. ಒಂದೊಂದಾಗಿ ಮಡಚಿ, ಗುರುತು ನೋಡಿ, ಆಯಾ ಮನೆಯ ಹೊಸ್ತಿಲಿನ ಮೇಲೆ ಇಟ್ಟ. ಬಾಣಂತಿ ತನ್ನ ಕೈಯಲ್ಲಿದ್ದುದನ್ನು ಬಿಡಿಸಿ ಮಗುವಿಗೆ ಸುತ್ತಿದಳು. ಗಾಡಿ ಖಾಲಿಯೇ ಹೋಯಿತು. ‘ಕಾರ್ಯಕರ್ತರು ಸ್ವತಃ ಬಟ್ಟೆ ಮಡಚಿಕೊಡುತ್ತಾರೆ’ ಎಂದು ಮೇಷ್ಟ್ರು ಕೊನೆಗೆ ಸೇರಿಸಿಕೊಂಡರು.

ಮಾರನೆಯ ಬೆಳಿಗ್ಗೆ ಆಸ್ಪತ್ರೆಯ ಗಾಡಿ ಬರಲಿಲ್ಲ. ಅದರ ಮಾರನೆಯ ಬೆಳಿಗ್ಗೆಯೂ ಬರಲಿಲ್ಲ. ಹೊಳೆಯಾಚೆಯಿಂದ ಕಲ್ಲಿಗೆ ಬಟ್ಟೆ ಬಡಿಯುವ ಸದ್ದು ಕೇಳುತ್ತಿತ್ತು. ನಮ್ಮ ಕಲ್ಲುಗಳು ಒಣಗಿ ಬೆಳ್ಳಗಾದವು, ಉಬ್ಬೆಯ ಹಂಡೆಯಲ್ಲಿ ಜೇಡ ಬಲೆ ಕಟ್ಟಿತು. ನಾನು ಊಟದ ಬದಲು ಬಡಾಯಿ ಬಡಿಸಿದೆ. ಬಾಣಂತಿಯ ಎದೆಯಲ್ಲಿ ಹಾಲು ಕಡಿಮೆಯಾಯಿತು. ಮೇಷ್ಟ್ರ ಪುಸ್ತಕ ಅಚ್ಚಾಗಿ ಬಂತು. ದಾನಿಯ ಹೆಸರಿನ ಮುಂದೆ ‘ಪರಿಶೀಲಿಸಲಾಗಿದೆ, ನಿಜ’ ಎಂದಿತ್ತಂತೆ.

ಓಟಿನ ಹಿಂದಿನ ದಿನ ಮಟಮಟ ಮಧ್ಯಾಹ್ನ ದಾನಿಯ ಮೆರವಣಿಗೆ ನಮ್ಮ ಬೀದಿಗೆ ಬಂತು. ತೆರೆದ ಜೀಪಿನಲ್ಲಿ ದಾನಿ ಕೈಮುಗಿದು ನಿಂತಿದ್ದ, ಹಿಂದೆ ಕ್ಯಾಮೆರಾದವರು, ಪಕ್ಕದಲ್ಲಿ ಮೈಕು ಹಿಡಿದ ಗುಮಾಸ್ತ. ಅತ್ತೆ ಯಾರಿಗೂ ಏನೂ ಹೇಳದೆ ರಗ್ಗು ಹೊದ್ದು ಹೊಸ್ತಿಲಿನಲ್ಲಿ ಕೂತಳು. ನಾನೂ ಹೊದ್ದು ಪಕ್ಕದಲ್ಲಿ ಕೂತೆ. ಬೀದಿಯ ಎರಡೂ ಸಾಲಿನಲ್ಲಿ ಮನೆಮನೆಯ ಮುಂದೆ ಎಲ್ಲರೂ ಕತ್ತಿನವರೆಗೆ ರಗ್ಗು ಹೊದ್ದು ಕೂತೆವು. ಡಾಂಬರು ಕರಗುವ ಬಿಸಿಲು. ಬೆವರು ಕಣ್ಣಿಗಿಳಿಯಿತು. ಯಾರೂ ಒರೆಸಿಕೊಳ್ಳಲಿಲ್ಲ.

ಜೀಪು ನಿಧಾನವಾಯಿತು. ದಾನಿಯ ಮುಖದ ಮೇಲೆ ನಗು ಹಾಗೇ ಇತ್ತು, ತೆಗೆಯಲು ಮರೆತುಹೋದ ಹಾಗೆ.

“ನಿಮ್ಮನ್ನು ಬೆಚ್ಚಗಿಟ್ಟ ನಾಯಕ ಬಂದಿದ್ದಾರೆ!” ಗುಮಾಸ್ತ ಮೈಕಿನಲ್ಲಿ ಕೂಗಿದ. “ಚಪ್ಪಾಳೆ!”

ಯಾರೂ ಅಲುಗಲಿಲ್ಲ.

“ಚಪ್ಪಾಳೆ ಹೊಡೀರಿ! ಕೈ ಇಲ್ವಾ ನಿಮಗೆ?”

ಇದ್ದವು. ರಗ್ಗಿನೊಳಗಿದ್ದವು.